ಮನೆ, ಅಂಗಡಿ ಕಂಪ್ಯೂಟರ್ ಬ್ಯಾಕಪ್‌ಗೆ ನಾಸ್: ದುಡ್ಡು ಕೊಡುವ ಮುನ್ನ ಇಷ್ಟು ನೋಡಿ

ಅಂಗಡಿ ಕಂಪ್ಯೂಟರ್‌ನಲ್ಲಿ ಟ್ಯಾಲಿ, ಮನೆಯಲ್ಲಿ ಮಕ್ಕಳ ಲ್ಯಾಪ್‌ಟಾಪ್, ಹಳೇ ಕಂಪ್ಯೂಟರ್‌ನಲ್ಲಿ ಮದುವೆ, ಗೃಹಪ್ರವೇಶದ ಫೋಟೋ. ಇವೆಲ್ಲದರ ನಕಲನ್ನು ಒಂದೇ ಕಡೆ ತಾನಾಗಿಯೇ ಇಟ್ಟುಕೊಳ್ಳುವ ಡಬ್ಬಿಗೆ ನೆಟ್‌ವರ್ಕ್ ಸ್ಟೋರೇಜ್, ಚಿಕ್ಕದಾಗಿ ನಾಸ್ ಅಂತಾರೆ. ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ಕೇಬಲ್ ಹೋಗುವುದು ಮನೆಯ ರೂಟರ್‌ಗೆ. ಸಿನಾಲಜಿ, ಕ್ಯೂನ್ಯಾಪ್ ಇದರಲ್ಲಿ ಹೆಸರಾದ ಕಂಪನಿಗಳು.

ಮೊದಲೇ ಹೇಳಿಬಿಡುವುದಾದರೆ, ಇರುವುದು ಒಂದೇ ಕಂಪ್ಯೂಟರ್ ಆದರೆ ನಾಸ್ ಬೇಡ. ಯುಎಸ್‌ಬಿಗೆ ಚುಚ್ಚುವ ಎರಡು ಹಾರ್ಡ್ ಡಿಸ್ಕ್ ತಂದು ಅದಲುಬದಲು ಮಾಡಿ ಬಳಸಿ, ಸಾಕು. ಮೂರು-ನಾಲ್ಕು ಕಂಪ್ಯೂಟರ್ ಇದ್ದು, ಬ್ಯಾಕಪ್ ತೆಗೆಯಲು ಯಾರಿಗೂ ನೆನಪಿರಲ್ಲ ಅನ್ನುವ ಕಡೆ ಮಾತ್ರ ಈ ಖರ್ಚಿಗೆ ಅರ್ಥವಿದೆ.

ವ್ಯಾಪಾರಸ್ಥರಿಗೆ ಇದು ಬರೀ ಅನುಕೂಲದ ಮಾತಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಕಾಪಾಡಿಡಬೇಕು. ಲೆಕ್ಕ ಕಂಪ್ಯೂಟರ್‌ನಲ್ಲಿದ್ದರೆ ಸರಿಯಾದ ಬ್ಯಾಕಪ್ ಇರಬೇಕು ಎಂದು ನಿಯಮ 57 ಹೇಳುತ್ತದೆ. ನೋಟಿಸ್ ಬಂದಾಗ ‘ಡಿಸ್ಕ್ ಹೋಯ್ತು ಸಾರ್’ ಅಂದರೆ ನಡೆಯುವುದಿಲ್ಲ.

ಎರಡು ಡಿಸ್ಕ್ ಕೂರುವ ಡಬ್ಬಿಯನ್ನೇ ತೆಗೆದುಕೊಳ್ಳಿ. ಎರಡರಲ್ಲೂ ಒಂದೇ ಮಾಹಿತಿ ಇಡುವ ಏರ್ಪಾಡಿಗೆ ರೈಡ್ 1 ಅಂತ ಹೆಸರು. 4 ಟಿಬಿಯ ಎರಡು ಡಿಸ್ಕ್ ಹಾಕಿದರೆ ನಿಮಗೆ ಸಿಗುವ ಜಾಗ 4 ಟಿಬಿ ಮಾತ್ರ. ಒಂದು ಕೆಟ್ಟರೂ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಆದರೆ ‘ಎರಡು ಡಿಸ್ಕ್ ಇದೆ, ಬ್ಯಾಕಪ್ ಆಯ್ತು’ ಅಂದುಕೊಳ್ಳಬೇಡಿ. ಒಂದು ಫೈಲ್ ಅಳಿಸಿದರೆ ಅದೇ ಕ್ಷಣ ಎರಡರಿಂದಲೂ ಅಳಿಸುತ್ತದೆ. ವೈರಸ್ ಫೈಲ್‌ಗೆ ಬೀಗ ಹಾಕಿದರೆ ಎರಡಕ್ಕೂ ಬೀಗ. ಸಿಡಿಲು ಹೊಡೆದರೆ ಡಬ್ಬಿಯ ಜೊತೆ ಎರಡೂ ಹೋಗಬಹುದು.

ಅದಕ್ಕೇ ಮಾಡೆಲ್ ಆರಿಸುವಾಗ ಸ್ನ್ಯಾಪ್‌ಶಾಟ್ ಸೌಲಭ್ಯ ಇದೆಯಾ ಅಂತ ಕೇಳಿ. ಫೈಲ್‌ಗಳು ನಿನ್ನೆ, ಮೊನ್ನೆ ಹೇಗಿದ್ದವೋ ಹಾಗೇ ವಾಪಸ್ ತರುವ ದಾರಿ ಅದು. ಅಗ್ಗದ ಎಷ್ಟೋ ಮಾಡೆಲ್‌ಗಳಲ್ಲಿ ಇದಿಲ್ಲ. ಪ್ರೊಸೆಸರ್, ಸಿನಿಮಾ ಪ್ಲೇ ಆಗುತ್ತಾ ಇತ್ಯಾದಿಗಿಂತ ಈ ಒಂದು ಪ್ರಶ್ನೆ ಮುಖ್ಯ.

ಬಹಳಷ್ಟು ನಾಸ್ ಡಬ್ಬಿಗಳು ಖಾಲಿಯಾಗಿ ಬರುತ್ತವೆ, ಡಿಸ್ಕ್ ಬೇರೆ ಕೊಳ್ಳಬೇಕು. ನಾಸ್‌ಗೆಂದೇ ಮಾಡಿದ, ಸಿಎಂಆರ್ ವಿಧಾನದ ಡಿಸ್ಕ್ ಕೇಳಿ. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಸತತವಾಗಿ ಬರೆಯುವಾಗ ವೇಗ ಬಿದ್ದುಹೋಗುತ್ತದೆ. ವೆಸ್ಟರ್ನ್ ಡಿಜಿಟಲ್ ಕಂಪನಿಯ ಕೆಲವು ರೆಡ್ ಡಿಸ್ಕ್‌ಗಳಲ್ಲಿ ಈ ವಿಧಾನ ಇದ್ದದ್ದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯೇ ಆಗಿತ್ತು. ಹಾಗಾಗಿ ಡಬ್ಬದ ಮೇಲಿನ ಬಣ್ಣ ನೋಡದೆ ಮಾಡೆಲ್ ನಂಬರ್ ನೋಡಿ.

ರೂಟರ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅದರ ಪೋರ್ಟ್ ಗಿಗಾಬಿಟ್ ಆಗಿದ್ದರೆ 500 ಜಿಬಿಯ ಮೊದಲ ಬ್ಯಾಕಪ್ ಕೇಬಲ್‌ನಲ್ಲಿ ಸುಮಾರು ಒಂದೂಕಾಲು ಗಂಟೆಯಲ್ಲಿ ಮುಗಿಯಬಹುದು. ಹಳೇ 100 ಎಂಬಿಪಿಎಸ್ ಪೋರ್ಟ್ ಆದರೆ ಹನ್ನೆರಡು ಗಂಟೆ ದಾಟುತ್ತದೆ. ಸಣ್ಣ ಸಣ್ಣ ಫೈಲ್ ತುಂಬಾ ಇದ್ದರೆ ಇನ್ನೂ ತಡ. ನಮ್ಮ ಕಡೆ ಕರೆಂಟ್ ಹೇಗೆ ಅಂತ ಹೇಳಬೇಕಿಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡಿಸ್ಕ್‌ನಲ್ಲಿರುವ ಮಾಹಿತಿ ಕೆಡಬಹುದು. ಯುಎಸ್‌ಬಿ ಕೇಬಲ್‌ನಿಂದ ನಾಸ್‌ಗೆ ಸೂಚನೆ ಕೊಟ್ಟು ಸರಿಯಾಗಿ ಬಂದ್ ಮಾಡಿಸುವ ಯುಪಿಎಸ್ ಸಿಗುತ್ತದೆ, ಅದನ್ನೂ ಬಜೆಟ್‌ನಲ್ಲಿ ಸೇರಿಸಿ.

ಊರಲ್ಲಿ ಇಲ್ಲದಾಗಲೂ ಮೊಬೈಲ್‌ನಲ್ಲಿ ಫೈಲ್ ನೋಡಬಹುದು ಎಂದು ಅಂಗಡಿಯವರು ಹೇಳುತ್ತಾರೆ. ನೋಡಬಹುದು ನಿಜ, ಆದರೆ ಅಪಾಯ ಒಳಗೆ ಬರುವುದೂ ಆ ಬಾಗಿಲಿನಿಂದಲೇ. 2021ರ ಜೂನ್‌ನಲ್ಲಿ ಇಂಟರ್ನೆಟ್‌ಗೆ ತೆರೆದಿದ್ದ ಮೈ ಬುಕ್ ಲೈವ್ ಎಂಬ ಹಳೇ ಸಾಧನಗಳನ್ನು ಯಾರೋ ದೂರದಿಂದಲೇ ಖಾಲಿ ಮಾಡಿದರು. ಕಂಪನಿ 2015ರಲ್ಲೇ ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತ್ತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದಾಳಿ ಕ್ಯೂನ್ಯಾಪ್ ನಾಸ್‌ಗಳ ಫೈಲ್‌ಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಬ್ಯಾಕಪ್‌ಗೆ ಮಾತ್ರ ಆದರೆ ಹೊರಗಿನ ಪ್ರವೇಶ ಬಂದ್ ಇಡಿ, ರೂಟರ್‌ನ ಯುಪಿಎನ್‌ಪಿ ಆಫ್ ಮಾಡಿ. ಸೆಕೆಂಡ್ ಹ್ಯಾಂಡ್ ಡಬ್ಬಿ ಅಗ್ಗಕ್ಕೆ ಸಿಕ್ಕರೂ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಅಂತ ಖಾತ್ರಿ ಮಾಡಿಕೊಳ್ಳದೆ ತರಬೇಡಿ.

ಟ್ಯಾಲಿ ತೆರೆದಿರುವಾಗ ಅದರ ಫೋಲ್ಡರ್ ನಕಲು ಮಾಡಿದರೆ ಲೆಕ್ಕ ಅರ್ಧಂಬರ್ಧ ಆಗಬಹುದು. ಸಂಜೆ ಗಲ್ಲಾ ಮುಚ್ಚುವಾಗ ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ನಕಲು ತೆಗೆಯಿರಿ, ಆ ಫೈಲ್ ನಾಸ್‌ಗೆ ಹೋಗಲಿ. ವಾರಕ್ಕೊಮ್ಮೆ ನಾಸ್‌ನಿಂದ ಒಂದು ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡಿ, ಕೇಬಲ್ ಕಿತ್ತು, ಅಣ್ಣನ ಮನೆಯಲ್ಲೋ ಬ್ಯಾಂಕ್ ಲಾಕರ್‌ನಲ್ಲೋ ಇಡಿ.

ಡಬ್ಬಿ ತಂದ ತಿಂಗಳಲ್ಲೇ ಒಂದು ಭಾನುವಾರ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಕ್ಲೋಸಿಂಗ್ ಬ್ಯಾಲೆನ್ಸ್ ಅಂಗಡಿ ಕಂಪ್ಯೂಟರ್‌ನ ಲೆಕ್ಕಕ್ಕೆ ಹೊಂದಬೇಕು. ಹೊಂದದಿದ್ದರೆ ಅಥವಾ ಫೈಲ್ ತೆರೆಯದಿದ್ದರೆ ಸೆಟಪ್ ಮಾಡಿಕೊಟ್ಟವರನ್ನು ಅವತ್ತೇ ಕರೆಸಿ.