ಹಳೇ ಜೀಪಿನ ಮೀಟರ್‌ನಲ್ಲಿ ‘ರೇಡಿಯಂ’ ಇದೆಯೇ? ಬಿಚ್ಚುವ ಮುನ್ನ ತಿಳಿಯಬೇಕಾದ ಸಂಗತಿಗಳು

ವಿಜಯಪುರದಿಂದ ಅಥಣಿ ಕಡೆಗೆ ಹೊರಟರೆ ತಿಕೋಟಾ ಸಿಗುತ್ತದೆ. ಸುತ್ತಲೂ ದ್ರಾಕ್ಷಿ ತೋಟಗಳ ಸೀಮೆ. ರಾತ್ರಿ ಈ ರಸ್ತೆಯಲ್ಲಿ ಮುಂದಿನ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹೆಡ್‌ಲೈಟ್ ಬಿದ್ದರೆ ಕೆಂಪು ಪಟ್ಟಿ ಫಳಫಳ ಹೊಳೆಯುತ್ತದೆ. ಅದಕ್ಕೆ ನಾವೆಲ್ಲ ಹೇಳುವ ಹೆಸರು ‘ರೇಡಿಯಂ’. ನಂಬರ್ ಪ್ಲೇಟ್ ಬರೆಸಲು ಹೋಗುತ್ತಿದ್ದುದೂ ‘ರೇಡಿಯಂ ಅಂಗಡಿ’ಗೆ.

ಹಳೇ ಜೀಪು, ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಮತ್ತೆ ಓಡುವಂತೆ ಮಾಡುವ ಹವ್ಯಾಸ ಇರುವವರು ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಇದೇ ಪದ ಮತ್ತೆ ಬರುತ್ತದೆ. ಮೀಟರ್ ಮುಳ್ಳಿನ ಮೇಲಿನ ಬಣ್ಣ ರೇಡಿಯಂ ಎನ್ನುತ್ತಾರೆ. ಅದು ಭಾರೀ ಅಪಾಯ ಎನ್ನುವವರಿದ್ದಾರೆ, ಅದಕ್ಕೆ ಲಕ್ಷಗಟ್ಟಲೆ ಬೆಲೆ ಎನ್ನುವವರೂ ಇದ್ದಾರೆ. ಏನೂ ಆಗುವುದಿಲ್ಲ, ಕೆರೆದು ಹೊಸ ಬಣ್ಣ ಹಚ್ಚಿ ಎನ್ನುವವರಿಗೂ ಕೊರತೆಯಿಲ್ಲ. ಯಾವುದು ನಿಜ ಎಂದು ಒಂದೊಂದಾಗಿ ನೋಡೋಣ.

ಹೇಳಿಕೆ 1: ಸ್ಟಿಕ್ಕರ್ ಅಂಗಡಿಯ ರೇಡಿಯಂ, ಮೀಟರ್‌ನ ರೇಡಿಯಂ ಎರಡೂ ಒಂದೇ

ತಪ್ಪು. ಸ್ಟಿಕ್ಕರ್‌ನಲ್ಲಿ ರೇಡಿಯಂ ಎಂಬ ಧಾತು ಇರುವುದೇ ಇಲ್ಲ. ಅದರಲ್ಲಿರುವುದು ಅತಿ ಸಣ್ಣ ಗಾಜಿನ ಮಣಿಗಳು ಅಥವಾ ಪ್ಲಾಸ್ಟಿಕ್ ಪಟ್ಟಕಗಳು. ಬೆಳಕು ಎಲ್ಲಿಂದ ಬಂತೋ ಅತ್ತಲೇ ಅದನ್ನು ತಿರುಗಿಸಿ ಕಳಿಸುತ್ತವೆ, ಅಷ್ಟೇ. ಹೆಡ್‌ಲೈಟ್ ಇಲ್ಲದಿದ್ದರೆ ಸ್ಟಿಕ್ಕರ್ ಹೊಳೆಯುವುದಿಲ್ಲ. ಅದರಿಂದ ವಿಕಿರಣದ ಭಯ ಬೇಡ.

ನಿಜವಾದ ರೇಡಿಯಂ ಒಂದು ವಿಕಿರಣಶೀಲ ಲೋಹ. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರಿ ಕ್ಯೂರಿ ಇದನ್ನು ಕಂಡುಹಿಡಿದರು. ಇದನ್ನು ಜಿಂಕ್ ಸಲ್ಫೈಡ್ ಪುಡಿಯೊಂದಿಗೆ ಬೆರೆಸಿದರೆ ಹೊರಗಿನ ಬೆಳಕಿಲ್ಲದೆಯೇ ಹಸಿರಾಗಿ ಹೊಳೆಯುತ್ತದೆ. ಹಾಗಾಗಿ ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಗಡಿಯಾರ, ವಿಮಾನ ಮತ್ತು ಸೇನಾ ವಾಹನಗಳ ಮೀಟರ್‌ಗಳಿಗೆ ಈ ಬಣ್ಣ ಬಳಸಿದರು. ಕತ್ತಲಲ್ಲಿ ಶತ್ರುವಿಗೆ ಕಾಣದಂತೆ ದೀಪ ಆರಿಸಿ ಓಡಿಸುವಾಗಲೂ ಚಾಲಕನಿಗೆ ಮೀಟರ್ ಕಾಣಬೇಕಿತ್ತು.

ಹೇಳಿಕೆ 2: ಎಲ್ಲ ಹಳೇ ಗಾಡಿಗಳ ಮೀಟರ್‌ನಲ್ಲೂ ರೇಡಿಯಂ ಇದೆ

ಇದೂ ತಪ್ಪು. ಅಂಬಾಸಿಡರ್, ಪದ್ಮಿನಿ ಮುಂತಾದ ಮನೆಬಳಕೆಯ ಕಾರುಗಳ ಮೀಟರ್ ರಾತ್ರಿ ಕಾಣುವುದು ಒಳಗಿನ ಸಣ್ಣ ಬಲ್ಬ್‌ನಿಂದ. 1970ರ ನಂತರದ ಗಾಡಿಗಳಲ್ಲಿ ರೇಡಿಯಂ ಸಿಗುವ ಸಾಧ್ಯತೆ ತೀರಾ ಕಡಿಮೆ. 1960ರ ದಶಕದ ಮಸ್ಟಾಂಗ್‌ನಂತಹ ಅಮೆರಿಕದ ಮಸಲ್ ಕಾರುಗಳ ಮೀಟರ್ ಕೂಡ ಬಲ್ಬ್‌ನಿಂದಲೇ ಬೆಳಗುತ್ತಿತ್ತು.

ಅನುಮಾನ ಪಡಬೇಕಾದದ್ದು ಎರಡನೇ ಮಹಾಯುದ್ಧದ ಕಾಲದ ಮತ್ತು ಅದರ ಆಸುಪಾಸಿನ ಸೇನಾ ಜೀಪು, ಲಾರಿಗಳ ಮೀಟರ್ ಬಗ್ಗೆ. ಮಹೀಂದ್ರಾ ಕಂಪನಿ ಭಾರತದಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಅದಕ್ಕಿಂತ ಹಿಂದಿನ ಸೇನಾ ಜೀಪಿನ ಮೀಟರ್‌ಗಳು ಗುಜರಿ ಮಾರುಕಟ್ಟೆಯ ಮೂಲಕ ಬೇರೆ ಗಾಡಿಗೆ ಸೇರಿರಬಹುದು. ಆದ್ದರಿಂದ ಗಾಡಿಯ ವರ್ಷ ನೋಡಿದರೆ ಸಾಲದು, ಮೀಟರ್ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು.

ಮುಳ್ಳು ಮತ್ತು ಗೆರೆಗಳ ಮೇಲೆ ದಪ್ಪಗೆ ಉಬ್ಬಿದ, ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ, ಬಿರುಕು ಬಿಟ್ಟ ಲೇಪನ ಕಂಡರೆ ಎಚ್ಚರ ವಹಿಸಿ.

ಹೇಳಿಕೆ 3: ಕತ್ತಲಲ್ಲಿ ಹೊಳೆಯದಿದ್ದರೆ ಅದರಲ್ಲಿ ರೇಡಿಯಂ ಇಲ್ಲ

ಇದು ಅಪಾಯಕಾರಿ ತಪ್ಪು. ಹೊಳೆಯುವುದು ಜಿಂಕ್ ಸಲ್ಫೈಡ್, ರೇಡಿಯಂ ಅಲ್ಲ. ವಿಕಿರಣದ ಹೊಡೆತಕ್ಕೆ ಕೆಲವು ವರ್ಷಗಳಲ್ಲಿ ಜಿಂಕ್ ಸಲ್ಫೈಡ್ ಸೋತು ಹೋಗುತ್ತದೆ, ಹೊಳಪು ನಿಲ್ಲುತ್ತದೆ. ಆದರೆ ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. 80 ವರ್ಷ ಹಳೆಯ ಮೀಟರ್‌ನಲ್ಲಿ ಅದು ಬಹುಪಾಲು ಹಾಗೆಯೇ ಉಳಿದಿರುತ್ತದೆ.

ಮೊಬೈಲ್ ಆಪ್‌ನಿಂದ ಪರೀಕ್ಷಿಸಬಹುದೇ? ಸಾಧ್ಯವಿಲ್ಲ. ‘ರೇಡಿಯೇಷನ್ ಡಿಟೆಕ್ಟರ್’ ಹೆಸರಿನ ಬಹುತೇಕ ಆಪ್‌ಗಳು ಫೋನಿನ ದಿಕ್ಸೂಚಿಗೆ ಇರುವ ಕಾಂತೀಯ ಸೆನ್ಸರ್ ಬಳಸುತ್ತವೆ. ಸ್ಪೀಡೋಮೀಟರ್ ಒಳಗೇ ಅಯಸ್ಕಾಂತ ಇರುವುದರಿಂದ ಅವು ಸುಮ್ಮನೆ ಕೂಗಿಕೊಳ್ಳಬಹುದು. ಖಚಿತವಾಗಿ ಹೇಳಲು ಗೈಗರ್ ಕೌಂಟರ್‌ನಂತಹ ಉಪಕರಣವೇ ಬೇಕು.

ಹೇಳಿಕೆ 4: ಬಣ್ಣ ಕೆರೆದು ತೆಗೆದರೆ ಅಪಾಯ ಮುಗಿಯಿತು

ಅಪಾಯ ಶುರುವಾಗುವುದೇ ಅಲ್ಲಿಂದ. ಗಾಜು ಗಟ್ಟಿಯಾಗಿ ಮುಚ್ಚಿರುವ ಮೀಟರ್ ಡ್ಯಾಶ್‌ಬೋರ್ಡ್‌ನಲ್ಲಿ ಇದ್ದಷ್ಟು ಹೊತ್ತು ತೊಂದರೆ ಕಡಿಮೆ. ರೇಡಿಯಂನ ಆಲ್ಫಾ ಕಣಗಳನ್ನು ಒಂದು ಕಾಗದ ಕೂಡ ತಡೆಯುತ್ತದೆ. ಗಾಮಾ ಕಿರಣ ಗಾಜು ದಾಟಿ ಬರುತ್ತದಾದರೂ ಒಂದೆರಡು ಮೀಟರ್‌ಗಳಲ್ಲಿ ಅದರ ಪ್ರಮಾಣ ಅಲ್ಪ. ಆದರೆ ಕೆರೆದಾಗ ಏಳುವ ಧೂಳು ಉಸಿರಿನಲ್ಲಿ, ಬೆರಳಿನ ಮೂಲಕ ಬಾಯಲ್ಲಿ ಸೇರುತ್ತದೆ. ದೇಹ ರೇಡಿಯಂ ಅನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯೊಳಗೆ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಅದು ವರ್ಷಗಟ್ಟಲೆ ಸುಡುತ್ತಿರುತ್ತದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರಗಳ ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಯುವತಿಯರು ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗೆ ಒತ್ತುತ್ತಿದ್ದರು. ಹಲವರ ದವಡೆ ಮೂಳೆ ಕೊಳೆಯಿತು, ಹಲವರು ಸತ್ತರು. ಐವರು ಹೂಡಿದ ಮೊಕದ್ದಮೆ 1928ರಲ್ಲಿ ಪರಿಹಾರದೊಂದಿಗೆ ಮುಗಿಯಿತು. ಮುಳ್ಳಿನ ಬಣ್ಣಕ್ಕೆ ಸ್ಯಾಂಡ್‌ಪೇಪರ್ ಹಾಕುವ ಮುನ್ನ ಇದು ನೆನಪಿರಲಿ.

ಹೇಳಿಕೆ 5: ಆ ರೇಡಿಯಂಗೆ ಲಕ್ಷಗಟ್ಟಲೆ ಬೆಲೆ

ಸುಳ್ಳು. ಒಂದು ಮೀಟರ್‌ನಲ್ಲಿರುವ ರೇಡಿಯಂ ಮೈಕ್ರೋಗ್ರಾಂ ಲೆಕ್ಕದ್ದು. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲು. ಅದನ್ನು ಕೊಳ್ಳುವ ಮಾರುಕಟ್ಟೆ ಇಲ್ಲ. ‘ರೈಸ್ ಪುಲ್ಲರ್’ ಪಾತ್ರೆಯ ವಂಚನೆ ಕೇಳಿದವರಿಗೆ ಈ ಮಾತಿನ ಧಾಟಿ ಗುರುತು ಸಿಗುತ್ತದೆ. ಮೊದಲು ಆಸೆ, ಆಮೇಲೆ ‘ಪರೀಕ್ಷಾ ಶುಲ್ಕ’. ಇಂಥ ಸಂದೇಶ ಬಂದರೆ ಮುಂದೆ ಕಳಿಸಬೇಡಿ.

ಅನುಮಾನ ಬಂದರೆ ಏನು ಮಾಡಬೇಕು?

- ಮೀಟರ್ ಬಿಚ್ಚಬೇಡಿ, ಕೆರೆಯಬೇಡಿ, ಗಾಳಿ ಊದಬೇಡಿ.
- ಗಾಜು ಒಡೆದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ. ಜನ ಮಲಗುವ ಕೋಣೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡಿ.
- ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಆ ಜಾಗದಲ್ಲಿ ಊಟ, ಬೀಡಿ, ಗುಟ್ಕಾ ಬೇಡ.
- ಗುಜರಿಗೆ ಹಾಕಬೇಡಿ, ಸುಡಬೇಡಿ. ಮುಂಬೈನಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಿ ಸಲಹೆ ಪಡೆಯಿರಿ.

ಗುಜರಿಯ ಮಾತು ಸುಮ್ಮನೆ ಹೇಳಿದ್ದಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಬಂದ ಹಳೇ ಉಪಕರಣದಲ್ಲಿ ಕೋಬಾಲ್ಟ್-60 ಇತ್ತು. ಗೊತ್ತಿಲ್ಲದೆ ಬಿಚ್ಚಿದರು, ಒಬ್ಬ ಕೆಲಸಗಾರ ತೀರಿಕೊಂಡರು. ಮೀಟರ್‌ನ ರೇಡಿಯಂ ಅದಕ್ಕೆ ಹೋಲಿಸಿದರೆ ತೀರಾ ಸಣ್ಣದು. ಆದರೆ ಪಾಠ ಒಂದೇ: ಏನೆಂದು ತಿಳಿಯದೆ ಬಿಚ್ಚಬಾರದು.

ಹಾಗಾದರೆ ಮೀಟರ್ ರಿಪೇರಿ ಹೇಗೆ?

ಸಮಾಧಾನದ ಸಂಗತಿ ಎಂದರೆ, ಬಹಳಷ್ಟು ಸಲ ತೊಂದರೆ ಇರುವುದು ಮೀಟರ್‌ನ ಹೊರಗೆ. ಮೊದಲು ಬ್ಯಾಟರಿಯ ಟರ್ಮಿನಲ್ ತೆಗೆದು ವೈರ್‌ಗಳನ್ನು ನೋಡಿ. ಹಳೇ ಜೀಪಿನ ಆಂಪ್ ಮೀಟರ್ ಮೂಲಕ ಗಾಡಿಯ ಬಹುಪಾಲು ಕರೆಂಟ್ ಹರಿಯುತ್ತದೆ. ಅದರ ನಟ್ ಸಡಿಲವಾದರೆ ಬಿಸಿಯಾಗಿ ಬೆಂಕಿ ಹತ್ತಬಹುದು.

*ಸ್ಪೀಡ್ ಮುಳ್ಳು ಕುಣಿಯುತ್ತಿದ್ದರೆ:* ಗೇರ್‌ಬಾಕ್ಸ್‌ನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ಮುಟ್ಟದೆಯೇ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಬಟ್ಟಲಿಗೆ ಮುಳ್ಳು ಕೂಡಿರುತ್ತದೆ. ಕೇಬಲ್ ಒಣಗಿದ್ದರೆ ಅಥವಾ ಮಡಚಿದ್ದರೆ ಮುಳ್ಳು ಕುಣಿಯುತ್ತದೆ. ಕೇಬಲ್‌ನ ಕೆಳಭಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಹಚ್ಚಿ. ಮೇಲ್ತುದಿಗೆ ಹಚ್ಚಿದರೆ ಅದು ಮೀಟರ್ ಒಳಗೆ ಸೇರಿ ಕೆಡಿಸುತ್ತದೆ.

*ಪೆಟ್ರೋಲ್ ಮುಳ್ಳು ಏಳದಿದ್ದರೆ:* ಟ್ಯಾಂಕಿನ ಫ್ಲೋಟ್, ವೈರ್ ಮತ್ತು ಬಾಡಿ ಅರ್ಥ್ ಪರೀಕ್ಷಿಸಿ. ಪೆಟ್ರೋಲ್ ಮತ್ತು ಹೀಟ್ ಎರಡೂ ಮುಳ್ಳು ಒಟ್ಟಿಗೆ ತಪ್ಪು ತೋರಿದರೆ, ಎರಡಕ್ಕೂ ವೋಲ್ಟೇಜ್ ಕೊಡುವ ಸ್ಟೆಬಿಲೈಜರ್ ಕೆಟ್ಟಿರಬಹುದು. ಅಂತಹ ಮೀಟರ್‌ಗೆ ನೇರವಾಗಿ 12 ವೋಲ್ಟ್ ಕೊಟ್ಟರೆ ಸುಟ್ಟು ಹೋಗುತ್ತದೆ. ಟ್ಯಾಂಕಿನ ಹತ್ತಿರ ಕಿಡಿ ಬರುವ ಯಾವ ಪರೀಕ್ಷೆಯೂ ಬೇಡ.

*ಹೀಟ್ ಮೀಟರ್:* ಹಳೇ ಜೀಪುಗಳಲ್ಲಿ ಎಂಜಿನ್‌ನಿಂದ ಮೀಟರ್‌ವರೆಗೆ ಸಣ್ಣ ತಾಮ್ರದ ನಳಿಕೆ ಇದ್ದರೆ ಅದನ್ನು ಕತ್ತರಿಸಬೇಡಿ. ಒಳಗೆ ಬೇಗ ಆವಿಯಾಗುವ ದ್ರವ ಸೀಲ್ ಆಗಿರುತ್ತದೆ. ಅದು ಸೋರಿದರೆ ಮೀಟರ್ ಮುಗಿಯಿತು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಯಲ್ಲಿ ಈ ಮುಳ್ಳು ಸತ್ತರೆ ಎಂಜಿನ್ ಕಾದದ್ದು ಗೊತ್ತೇ ಆಗುವುದಿಲ್ಲ.

*ಡಯಲ್ ಸ್ವಚ್ಛತೆ:* ರೇಡಿಯಂ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಮೀಟರ್ ತೆರೆಯಿರಿ. ಮೃದುವಾದ ಕುಂಚದಿಂದ ಧೂಳು ತೆಗೆಯಿರಿ. ಥಿನ್ನರ್, ಪೆಟ್ರೋಲ್ ಹಾಕಿದರೆ ಅಂಕಿಗಳು ಅಳಿಸಿಹೋಗುತ್ತವೆ.

ಸಾರಾಂಶ

ರೇಡಿಯಂ ಸ್ಟಿಕ್ಕರ್‌ನಲ್ಲಿ ರೇಡಿಯಂ ಇಲ್ಲ. ಅಂಬಾಸಿಡರ್, ಪದ್ಮಿನಿಯಂಥ ಕಾರುಗಳ ಮೀಟರ್‌ನಲ್ಲಿ ಅದು ಇರುವ ಸಾಧ್ಯತೆ ಕಡಿಮೆ. ಯುದ್ಧಕಾಲದ ಸೇನಾ ಮೀಟರ್‌ನಲ್ಲಿ ಇರಬಹುದು, ಹೊಳೆಯದಿದ್ದರೂ ಇರಬಹುದು. ಮುಚ್ಚಿದ ಮೀಟರ್‌ಗಿಂತ ಕೆರೆದ ಮೀಟರ್ ಹೆಚ್ಚು ಅಪಾಯ. ನಿಮ್ಮ ಊರಿನ ಗ್ಯಾರೇಜಿನವರಿಗೆ, ಗುಜರಿ ಅಂಗಡಿಯವರಿಗೆ ಈ ಮಾಹಿತಿ ತಲುಪಿಸಿ. ದಿನವೂ ಹಳೇ ಮೀಟರ್ ಬಿಚ್ಚುವವರು ಅವರೇ.