ಕೊನೆಯ ರೀಲಿನ ಶಿಕ್ಷೆ

ಕೊನೆಯ ರೀಲಿನಲ್ಲಿ ಖಳನಿಗೆ ಶಿಕ್ಷೆಯಾದರೆ ಸಾಕು, ನೋಡುವ ಮಕ್ಕಳು ಕೆಡುವುದಿಲ್ಲವೆಂಬ ಸಮಾಧಾನ ಬಹಳ ಹಳೆಯದು. ಪ್ರೇಕ್ಷಕರ ಸಹಾನುಭೂತಿ ಅಪರಾಧದ ಕಡೆ ವಾಲಕೂಡದೆಂದು ಹಾಲಿವುಡ್ಡಿನವರು ೧೯೩೦ರಲ್ಲೇ ನಿಯಮ ಮಾಡಿಕೊಂಡಿದ್ದರು. ಈ ಸಮಾಧಾನವನ್ನು ಅಲುಗಿಸಿದ್ದು ಒಂದು ಗಾಳಿಬೊಂಬೆ.

ಹೊಡೆದರೆ ಬಿದ್ದು ಮತ್ತೆ ಎದ್ದು ನಿಲ್ಲುವ ಬೋಬೊ ಬೊಂಬೆ ಅದು. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು ೧೯೬೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಶುವಿಹಾರದ ೭೨ ಮಕ್ಕಳಿದ್ದರು. ದೊಡ್ಡವರು ಬೊಂಬೆಯನ್ನು ಬಡಿದುದನ್ನು ಕಂಡವರು ತಾವೂ ಬಡಿದರು. ೧೯೬೩ರಲ್ಲಿ, ಚಲಚ್ಚಿತ್ರದಲ್ಲಿ ನೋಡಿದವರೂ ಅದನ್ನೇ ಮಾಡಿದರು.

ಆದರೆ ನನಗೆ ಮುಖ್ಯವೆನಿಸುವುದು ೧೯೬೫ರ ಪ್ರಯೋಗ. ೬೬ ಮಕ್ಕಳಿಗೆ ತೋರಿಸಿದ ಚಿತ್ರ ಒಂದೇ. ಮುಕ್ತಾಯ ಮಾತ್ರ ಬೇರೆ ಬೇರೆ. ಒಂದರಲ್ಲಿ ಬೊಂಬೆ ಬಡಿದವನಿಗೆ ಸಿಹಿತಿಂಡಿ, ಶಹಭಾಸ್‌ಗಿರಿ, ಇನ್ನೊಂದರಲ್ಲಿ ಬೈಗುಳ, ಸುರುಳಿ ಸುತ್ತಿದ ಮಾಸಪತ್ರಿಕೆಯಿಂದ ಪೆಟ್ಟು (ಪತ್ರಿಕೆಗಳಿಗೆ ಈ ಉಪಯೋಗವೂ ಉಂಟು!), ಮತ್ತೊಂದರಲ್ಲಿ ಏನೂ ಇಲ್ಲ. ಶಿಕ್ಷೆಯನ್ನು ಕಂಡ ಮಕ್ಕಳು, ಅದರಲ್ಲೂ ಹುಡುಗಿಯರು, ಕಡಮೆ ಅನುಕರಿಸಿದರು. ಸಂತೋಷ. ಆದರೆ ನೋಡಿದ್ದನ್ನು ಮಾಡಿ ತೋರಿಸಿದರೆ ಹಣ್ಣಿನ ರಸ, ಅಂಟಿಸುವ ಚಿತ್ರ ಕೊಡುವುದಾಗಿ ಹೇಳಿದ್ದೇ ತಡ, ಮೂರು ಗುಂಪುಗಳ ನಡುವಣ ಅಂತರ ಮಾಯವಾಯಿತು! ಶಿಕ್ಷೆ ಕೈಯನ್ನಷ್ಟೇ ತಡೆದಿತ್ತು. ಕಲಿತದ್ದು ಒಳಗೇ ಇತ್ತು.

ಬೊಂಬೆ ಇರುವುದೇ ಹೊಡೆಯಲಿಕ್ಕೆ. ಅದನ್ನು ಹೊಡೆದ ಮಗು ತಮ್ಮನನ್ನೂ ಹೊಡೆದೀತೆಂದು ಹೇಳುವುದು ಹೇಗೆ ಎಂದು ಕೆಲವರು ಆಕ್ಷೇಪಿಸಿದರು. ನ್ಯಾಯವಾದ ಮಾತೇ. ಪ್ರಯೋಗಶಾಲೆಯ ಕೆಲವು ನಿಮಿಷಗಳಿಂದ ಮಗುವಿನ ಮುಂದಿನ ಬಾಳನ್ನು ಅಳೆಯಲಾಗದು. ಆದರೂ ಎರಡೂವರೆ ಗಂಟೆ ಕಾಲ ಹೊಡೆದಾಟ ತೋರಿಸಿ, ಕೊನೆಗೆ ಪೊಲೀಸರು ಬಂದರಲ್ಲ ಎನ್ನುವವರ ಸಮರ್ಥನೆಯನ್ನು ನಾನಂತೂ ಒಪ್ಪಲಾರೆ.