ಹಬ್ಬದ ಮನೆಯ ಎಲೆಯಾಟ: ಕೆಲವು ಐತಿಹಾಸಿಕ ವಿಚಾರಗಳು

ಕಾರ್ತಿಕ ಶುದ್ಧ ಪಾಡ್ಯಕ್ಕೆ ಬಲಿಪಾಡ್ಯಮಿ ಎಂಬ ಹೆಸರಿರುವಂತೆ ದ್ಯೂತಪ್ರತಿಪದೆ ಎಂಬ ಹೆಸರೂ ಉಂಟು. ಅಂದು ಶಿವಪಾರ್ವತಿಯರು ಪಗಡೆಯಾಡಿದರೆಂಬ ಕಥೆಯನ್ನು ಆಧಾರವಾಗಿಟ್ಟುಕೊಂಡು, ಉಳಿದ ದಿನಗಳಲ್ಲಿ ನಿಂದ್ಯವೆನಿಸಿದ ದ್ಯೂತಕ್ಕೆ ಆ ದಿನ ಸಂಪ್ರದಾಯವೇ ಅವಕಾಶ ಕೊಟ್ಟಿದೆ. ಕಾಲಕ್ರಮದಲ್ಲಿ ದಾಳದ ಸ್ಥಾನವನ್ನು ಬಹುಮಟ್ಟಿಗೆ ಎಲೆಗಳು ಆಕ್ರಮಿಸಿದವು. ದೀಪಾವಳಿಯ ಊಟವಾದ ಮೇಲೆ, ಶಿವರಾತ್ರಿಯ ಜಾಗರಣೆಯಲ್ಲಿ, ಮನೆಯವರೂ ನೆಂಟರೂ ಜಮಖಾನದ ಮೇಲೆ ಸುತ್ತುಗೂಡಿ ಇಸ್ಪೀಟು ಆಡುವುದು ನಮ್ಮಲ್ಲಿ ಅಪರೂಪವಲ್ಲ. ಈ ಆಟ ಎಲ್ಲಿಂದ ಬಂದಿತೆಂದು ಕೇಳಿದರೆ, ಇಂಗ್ಲಿಷರಿಂದ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರವು ಅಪೂರ್ಣವೆಂಬುದೇ ಪ್ರಸ್ತುತ ಲೇಖನದ ವಾದ.

ಇಸ್ಪೀಟಿಗಿಂತ ಮೊದಲು ಭಾರತದಲ್ಲಿ ಪ್ರಸಿದ್ಧವಾಗಿದ್ದುದು ಗಂಜೀಫಾ. 1527ರಲ್ಲಿ ಬಾಬರನು ಸಿಂಧದ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿಯೇ ಬರುತ್ತದೆ. ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಈ ಆಟಕ್ಕೆ ವಿಸ್ತಾರವಾದ ವಿವರಣೆ ಕೊಟ್ಟಿದ್ದಾನೆ. ಮೊಗಲ್ ಗಂಜೀಫಾದಲ್ಲಿ ಎಂಟು ಬಣ್ಣಗಳು, 96 ಎಲೆಗಳು. ಹಿಂದೂಗಳಲ್ಲಿ ಬಳಕೆಗೆ ಬಂದ ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣಗಳು, 120 ಎಲೆಗಳು. ಎಲೆಗಳು ದುಂಡಗಿದ್ದುದರಿಂದ ಅವನ್ನು ಬಟ್ಟೆಯ ಮೇಲೆ ಹರಡಿ ಕಲಸುತ್ತಿದ್ದರು. ಅರ್ಧದಷ್ಟು ಬಣ್ಣಗಳಲ್ಲಿ ರಾಜ, ಮಂತ್ರಿಗಳ ತರುವಾಯ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಸಾಮಾನ್ಯವಾಗಿ ಮೂವರು ಆಡುವ ಈ ಆಟದಲ್ಲಿ ತುರುಪು ಎಂಬುದಿಲ್ಲ. ಬಿದ್ದುಹೋದ ಎಲೆಗಳನ್ನೆಲ್ಲ ನೆನಪಿಟ್ಟವನಿಗೇ ಗೆಲವು. ಮಕ್ಕಳು ಮುದುಕರೆನ್ನದೆ ಹತ್ತು ಜನ ನೆರೆದ ಹಬ್ಬದ ಮನೆಗೆ ಇದು ಅಷ್ಟಾಗಿ ಹೊಂದುವ ಆಟವಲ್ಲವೆಂದು ನನಗೆ ತೋರುತ್ತದೆ.

ಮೈಸೂರಿನಲ್ಲಿ ಈ ಆಟವು ಇನ್ನೂ ಜಟಿಲವಾಯಿತು. 1831ರಲ್ಲಿ ಆಡಳಿತವು ಇಂಗ್ಲಿಷರ ಕೈಸೇರಿದ ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ವಿದ್ಯಾವಿನೋದಗಳಿಗೆ ಬೇಕಾದ ವಿರಾಮ ದೊರೆಯಿತು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಛದ ಎಂಬ ಹೆಸರಿನ ಹದಿಮೂರು ಎಲೆಯಾಟಗಳ ನಿರೂಪಣೆಯಿದೆ. ಚಾಮುಂಡೇಶ್ವರೀ ಛದಕ್ಕೆ 320 ಎಲೆಗಳು, ಜಗನ್ಮೋಹನ ಛದಕ್ಕೆ 360. ಚಿತ್ರಕಲೆಯ ದೃಷ್ಟಿಯಿಂದ ಇವು ಅಮೂಲ್ಯ. ಆದರೆ ಅರಮನೆಯ ಆಚೆಗೆ ಇವು ಆಡುವ ಆಟಗಳಾಗಿ ಹಬ್ಬಲಿಲ್ಲ. ಮೈಸೂರು ಗಂಜೀಫಾ ಇಂದು ನಮ್ಮಲ್ಲಿ ಉಳಿದಿರುವುದು ಮುಖ್ಯವಾಗಿ ಚಿತ್ರಕಲೆಯಾಗಿಯೇ.

ಇಲ್ಲಿ ಸಂಶೋಧಕನಿಗೆ ಒಂದು ವಿಚಿತ್ರ ಪರಿಸ್ಥಿತಿ ಎದುರಾಗುತ್ತದೆ. ಜನರು ಆಡದ ಆಟಕ್ಕೆ ಸಚಿತ್ರವಾದ ಗ್ರಂಥವುಂಟು. ಮನೆಮನೆಯಲ್ಲಿ ಆಡುವ ಆಟವನ್ನು ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿತದ್ದು, ಓದಿ ಕಲಿತದ್ದಲ್ಲ. ಲಿಖಿತ ಆಕರಗಳನ್ನು ಮಾತ್ರ ನಂಬಿ ಬರೆದ ಇತಿಹಾಸವು ಅರಮನೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಮನೆಯ ಒಳಕ್ಕೆ ಹೋಗಬೇಕಾದರೆ ಆಟಗಾರರ ಮಾತನ್ನೂ ಆಟದ ನಿಯಮವನ್ನೂ ಆಕರಗಳೆಂದು ಎಣಿಸಬೇಕು.

ಮೊದಲು ಮಾತನ್ನು ನೋಡೋಣ. 'ಡೈಮನ್' ಎಂಬುದು ಸ್ಪಷ್ಟವಾಗಿ ಇಂಗ್ಲಿಷಿನದು. 'ಇಸ್ಪೀಟು' ಎಂಬುದರ ಮೊದಲ ಇಕಾರವನ್ನು ಕಂಡು ಪೋರ್ಚುಗೀಸರ 'ಎಸ್ಪಾದ'ವನ್ನು ನೆನೆಯಬಹುದು. ಆದರೆ ಸ್ಕೂಲನ್ನು ಇಸ್ಕೂಲೆನ್ನುವ ನಾಲಗೆ ನಮ್ಮದಾದ್ದರಿಂದ ಈ ಪ್ರಮಾಣವು ದುರ್ಬಲ. 'ಕಳಾವರ್' ಎಂಬುದರ ಸಂಗತಿ ಬೇರೆ. ಆ ಬಣ್ಣಕ್ಕೆ ಇಂಗ್ಲಿಷಿನಲ್ಲಿ 'ಕ್ಲಬ್' ಎಂದೂ ಡಚ್ಚಿನಲ್ಲಿ 'ಕ್ಲಾವರ್' ಎಂದೂ ಹೆಸರು. 'ಆಟೀನು' ಎಂಬುದು 'ಹಾರ್ಟ್' ಎಂಬುದಕ್ಕಿಂತ ಡಚ್ಚರ 'ಹಾರ್ಟನ್' ಎಂಬುದಕ್ಕೆ ಹತ್ತಿರ. ಇವೆರಡಕ್ಕಿಂತಲೂ ಬಲವಾದ ಸಾಕ್ಷಿ 'ತುರುಪು'. ಇಂಗ್ಲಿಷಿನ 'ಟ್ರಂಪ್' ಎಂಬುದರಲ್ಲಿರುವ ಅನುನಾಸಿಕವು ಇದರಲ್ಲಿಲ್ಲ. ಡಚ್ಚರ 'ಟ್ರೂಫ್' ಎಂಬುದರಲ್ಲಿಯೂ ಇಲ್ಲ. ಡಚ್ಚರು 1663ರಿಂದ 1795ರ ವರೆಗೆ ಕೊಚ್ಚಿಯನ್ನು ಹಿಡಿದಿದ್ದರು; ನಮ್ಮ ಕರಾವಳಿಯ ಬಸರೂರಿನಲ್ಲಿಯೂ ಅವರ ವ್ಯಾಪಾರದ ಕೋಠಿಯಿದ್ದಿತು. ಹಾಗಾಗಿ ಈ ಮಾತುಗಳು ಬರಲು ದಾರಿಯೂ ಇದ್ದಿತು, ಕಾಲಾವಕಾಶವೂ ಇದ್ದಿತು.

ಶಬ್ದಸಾಮ್ಯವೊಂದರ ಮೇಲೆಯೇ ಕಟ್ಟಿದ ವಾದ ಅಪಾಯಕಾರಿ. ಆದುದರಿಂದ ನಿಯಮದ ಸಾಕ್ಷಿಯನ್ನೂ ಕೇಳಬೇಕು. ಕೇರಳದಲ್ಲಿಯೂ ನಮ್ಮ ಕರಾವಳಿಯ ಭಾಗಗಳಲ್ಲಿಯೂ 'ಇಪ್ಪತ್ತೆಂಟು' ಎಂಬ ಆಟವಿದೆ. ನಾಲ್ವರು, ಎದುರುಬದುರು ಕುಳಿತವರು ಜೊತೆ. ಏಳರಿಂದ ಎಕ್ಕದವರೆಗಿನ 32 ಎಲೆಗಳು ಮಾತ್ರ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಅಂಕ. ನಾಲ್ಕು ಬಣ್ಣಗಳು ಸೇರಿದರೆ ಇಪ್ಪತ್ತೆಂಟು. ಆಟದ ಹೆಸರಿಗೆ ಇದೇ ಮೂಲ. ಹೆಚ್ಚು ಅಂಕಗಳನ್ನು ಕೂಗಿದವನು ತುರುಪಿನ ಬಣ್ಣವನ್ನು ಆರಿಸಿ ಗುಟ್ಟಾಗಿ ಮಗುಚಿಡುತ್ತಾನೆ. ಗುಲಾಮನೂ ಒಂಬತ್ತೂ ಎಲ್ಲಕ್ಕಿಂತ ಮೇಲೇರುವ ಈ ಕ್ರಮವು ಇಂಗ್ಲಿಷರ ವಿಸ್ಟ್, ಬ್ರಿಜ್ ಆಟಗಳಲ್ಲಿ ಎಲ್ಲಿಯೂ ಇಲ್ಲ. ಡಚ್ಚರ 'ಕ್ಲಾವರ್‌ಯಾಸ್' ಆಟದ ತುರುಪಿನಲ್ಲಿ ಇದೇ ಕ್ರಮವಿದೆ: ಗುಲಾಮನಿಗೆ 20, ಒಂಬತ್ತಕ್ಕೆ 14. ಎಲೆಗಳ ಸಂಖ್ಯೆಯೂ 32. ನಾವು ಆ ಕ್ರಮವನ್ನು ಎಲ್ಲ ಬಣ್ಣಗಳಿಗೂ ವಿಸ್ತರಿಸಿದ್ದೇವೆ, ಅಂಕಗಳನ್ನು ಬೆರಳೆಣಿಕೆಗೆ ಇಳಿಸಿದ್ದೇವೆ. ಕಾಗದವಿಲ್ಲದೆ ಲೆಕ್ಕವಿಡಬೇಕಾದ ಮನೆಯವರಿಗೆ ಇದು ಎಷ್ಟು ಅನುಕೂಲವೆಂಬುದನ್ನು ಆಡಿದವರು ಬಲ್ಲರು.

ಕಡೆಗೆ ಗುಲಾಮನ ವಿಚಾರ. ಡಚ್ಚರು ಆ ಎಲೆಯನ್ನು ರೈತನೆಂದು ಕರೆಯುತ್ತಾರೆ. ನಾವು ಆ ಹೆಸರನ್ನು ಬಿಟ್ಟು, ಮೊಗಲ್ ಗಂಜೀಫಾದಲ್ಲಿ ಒಂದು ಬಣ್ಣದ ಹೆಸರಾಗಿದ್ದ ಗುಲಾಮನೆಂಬ ಶಬ್ದವನ್ನೇ ಅದಕ್ಕೆ ಕೊಟ್ಟಿದ್ದೇವೆ. ಹಬ್ಬದ ಮಧ್ಯಾಹ್ನ ಕರಾವಳಿಯ ಜಗಲಿಗಳಲ್ಲಿ ರಾಜರಾಣಿಯರನ್ನು ಹೊಡೆದು ಹಾಕುವವನು ಇವನೇ.